ನಾಲ್ಕು ಸಾಲಿನ ಮನುಷ್ಯ

ಸಿರಾ
12 ಫೆಬ್ರವರಿ 2023

ಗೌಸಿಯಾಗೆ,

ನೀನು ಜಡ್ಜ್ ಪರೀಕ್ಷೆ ಬರೆಯುವುದಿಲ್ಲ ಎಂದ ದಿನದಿಂದ, ಅಂದರೆ ಐದು ತಿಂಗಳಿಂದ, ನಾನು ನಿನಗೆ ಒಂದಕ್ಷರ ಬರೆದಿಲ್ಲ. ಫೋನು ನನಗೆ ಕೆಲಸಕ್ಕೆ ಬಾರದು. ಎದುರಿಗೆ ನಿಂತು ಗಟ್ಟಿಯಾಗಿ ಮಾತಾಡಿದರೆ ಬಲಗಿವಿಗೆ ಒಂದಿಷ್ಟು ಕೇಳಿಸುತ್ತದೆ. ಫೋನಿನಲ್ಲಿ ಬರೀ ಗುಂಯ್ ಅನ್ನುತ್ತದೆ. ನಿನ್ನ ಅಮ್ಮಿ ನಿನ್ನ ಜೊತೆ ಮಾತಾಡಿ, ತನಗೆ ಬೇಕಾದಷ್ಟನ್ನು ನನಗೆ ಹೇಳುತ್ತಾಳೆ. ಈ ವಿಷಯ ಅವಳ ಬಾಯಿಂದ ಹೋಗುವುದು ಬೇಡ ಅಂತ ಕಾಗದ ಹಿಡಿದಿದ್ದೇನೆ.

ಮೊನ್ನೆ ಬಡವನಹಳ್ಳಿಯಲ್ಲಿ ಚಾದರದ ಗಂಟು ಇಳಿಸಿ ಚಹಾ ಕುಡಿಯುತ್ತಿದ್ದೆ. ಹೋಟೆಲಿನ ಚಿಕ್ಕಹನುಮಯ್ಯ ಪೇಪರು ತಂದು ಮುಂದಿಟ್ಟು, ಇದು ನಿಮ್ಮ ಮಗಳೇ ತಾನೆ ಅಂತ ಕೇಳಿದ. ಪುರವರದ ಹತ್ತಿರ ಗಂಡ ಹೆಂಡತಿ ಇಬ್ಬರನ್ನೂ ಕೊಂದ ಓಬಳೇಶನಿಗೆ ಹೋದ ನವೆಂಬರಿನಲ್ಲಿ ಗಲ್ಲು ಆಯಿತಲ್ಲ, ಹೈಕೋರ್ಟಿನಲ್ಲಿ ಅವನ ಪರ ನಿಂತಿರುವವಳು ನೀನು ಅಂತ ಅದರಲ್ಲಿತ್ತು. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಅರ್ಧ ಚಹಾ ಬಿಟ್ಟು ಎದ್ದೆ.

ಸತ್ತವರು ನಿನಗೆ ಕಡತದಲ್ಲಿ ಗೊತ್ತಿರುತ್ತಾರೆ. ನನಗೆ ಹಾಗಲ್ಲ. ಅಶ್ವತ್ಥಮ್ಮನವರ ಜಗಲಿಯ ಮೇಲೆ ಇಪ್ಪತ್ತೆರಡು ವರ್ಷ ಗಂಟು ಬಿಚ್ಚಿದ್ದೇನೆ. ಚಾದರದ ಮೂಲೆಯನ್ನು ಒದ್ದೆ ಮಾಡಿ ಉಜ್ಜಿ, ಬಣ್ಣ ಬಿಡುವುದಿಲ್ಲ ಅಂತ ಖಾತ್ರಿಯಾದ ಮೇಲೇ ಅವರು ತೆಗೆದುಕೊಳ್ಳುತ್ತಿದ್ದುದು. ಬಿಸಿಲಲ್ಲಿ ಹೋದರೆ ಮೊದಲು ಮಜ್ಜಿಗೆ, ಆಮೇಲೆ ವ್ಯಾಪಾರ. ಅವರ ಗಂಡ ನಾಗಲಿಂಗಯ್ಯನವರದು ಮಾತು ಕಡಿಮೆ. ಹೊರಡುವಾಗ ಗಂಟನ್ನು ನನ್ನ ಟಿವಿಎಸ್ ಗಾಡಿಗೆ ಎತ್ತಿ ಕೊಡುತ್ತಿದ್ದರು. 2019ರ ಆಗಸ್ಟಿನಲ್ಲಿ, ಹಾಡುಹಗಲೇ, ಅವರ ತೋಟದ ಮನೆಯಲ್ಲಿ ಇಬ್ಬರನ್ನೂ ಹಾರೆಯಿಂದ ಹೊಡೆದು ಕೊರಳ ಸರ ಕಿತ್ತುಕೊಂಡು ಹೋದವನು ಅವರ ಮನೆಯಲ್ಲೇ ಉಂಡು ಮಲಗುತ್ತಿದ್ದ ಆಳು. ಅವರ ಮಣ್ಣಿಗೆ ನಾನು ಹೋಗಿದ್ದೆ. ಅವರ ಮಗ ಪ್ರಸನ್ನ ಕುಮಾರ್ ಮೇಷ್ಟ್ರು ಆವತ್ತು ನಿಂತಿದ್ದ ರೀತಿ ನನ್ನ ಕಣ್ಣಲ್ಲಿದೆ.

ಒಂದೇ ಪ್ರಶ್ನೆ ಕೇಳುತ್ತೇನೆ. ಅವನನ್ನು ಉಳಿಸಿ ನಿನಗೇನಾಗಬೇಕು?

ಅಹಮದ್ ಷರೀಫ್


ಬೆಂಗಳೂರು
19 ಫೆಬ್ರವರಿ 2023

ಅಬ್ಬಾ,

ಸಲಾಂ. ಕಾಗದದ ಕೊನೆಗೆ ನೀವು ಪರವೂರಿನ ವ್ಯಾಪಾರಿಗೆ ಹಾಕುವ ಹಾಗೆ ಪೂರ್ತಿ ಹೆಸರಿನ ರುಜು ಹಾಕಿದ್ದೀರಿ. ಇರಲಿ. ಕಾಗದ ಬಂತಲ್ಲ.

ಅಶ್ವತ್ಥಮ್ಮನವರನ್ನು ನೀವು ಬಲ್ಲಿರೆಂದು ನನಗೆ ತಿಳಿದಿರಲಿಲ್ಲ. ತಿಳಿದಿದ್ದರೂ ಕೇಸು ಬಿಡುತ್ತಿರಲಿಲ್ಲ, ಆದರೆ ಪೇಪರಿಗಿಂತ ಮೊದಲು ನಾನೇ ಬಂದು ಹೇಳುತ್ತಿದ್ದೆ. ಅಷ್ಟರ ಮಟ್ಟಿಗೆ ತಪ್ಪು ನನ್ನದು.

ಅವನು ಕೊಂದಿಲ್ಲ ಅಂತ ನಾನು ವಾದಿಸುತ್ತಿಲ್ಲ. ಉಚಿತ ಕಾನೂನು ನೆರವಿನವರು ಕೇಸು ಕೊಟ್ಟ ಮೇಲೆ ಬೆಳಗಾವಿ ಜೈಲಿಗೆ ಹೋಗಿದ್ದೆ. ಅವನು ನನ್ನೆದುರು ಕೂತು ತಾನೇ ಹೇಳಿದ. ಯಾಕೆ ಮಾಡಿದೆ ಅಂದರೆ, ಯಜಮಾನರು ಬೈದರು, ಆಮೇಲೆ ಏನಾಯಿತೋ ಗೊತ್ತಿಲ್ಲ, ನೋಡಿದಾಗ ಇಬ್ಬರೂ ಬಿದ್ದಿದ್ದರು ಅಂದ. ಅದು ಕ್ಷಮಿಸುವ ಮಾತಲ್ಲ. ಅವನು ಜೈಲಿನಲ್ಲಿರಲಿ. ಆದರೆ ಅವನು ತಿಳಿಯದೆ ಮಾಡಿದೆ ಅನ್ನುವುದನ್ನು ನಾವು ತಿಳಿದು, ದಿನ ಗೊತ್ತುಮಾಡಿ, ಹಗ್ಗ ತೂಗಿ ಮಾಡಬಾರದು. ನನ್ನ ಮಾತು ಅಷ್ಟೇ.

ಕೆಳಗಿನ ಕೋರ್ಟು ಗಲ್ಲು ಅಂದರೂ ಹೈಕೋರ್ಟು ಒಪ್ಪದೆ ಅದು ಜಾರಿಯಾಗುವುದಿಲ್ಲ. ಒಪ್ಪುವ ಮೊದಲು ಇಬ್ಬರು ನ್ಯಾಯಮೂರ್ತಿಗಳು ಅವನು ಯಾರು, ಹೇಗೆ ಬೆಳೆದ, ಮುಂದೆ ತಿದ್ದಿಕೊಳ್ಳಬಲ್ಲನೇ ಅಂತ ನೋಡಲೇಬೇಕು. ನೋಡುವುದಕ್ಕೆ ಏನಿದೆ ಅಂತ ನಾನು ಕಡತ ತಿರುವಿದೆ. ಮುನ್ನೂರ ನಲವತ್ತು ಪುಟದಲ್ಲಿ ಅವನ ಬಗ್ಗೆ ಇರುವುದು ನಾಲ್ಕು ಸಾಲು:

ವಯಸ್ಸು ಸುಮಾರು ಇಪ್ಪತ್ತನಾಲ್ಕು.
ವೈ.ಎನ್.ಹೊಸಕೋಟೆ ಕಡೆಯವನು.
ಕೂಲಿ ಕೆಲಸ.
ತಂದೆ ತಾಯಿ ಇಲ್ಲ.

ಆಗ ಅವನ ಪರ ಇದ್ದ ವಕೀಲರು ಐದನೆಯ ಸಾಲಿಗಾಗಿ ಒಂದು ಪ್ರಶ್ನೆಯನ್ನೂ ಕೇಳಿಲ್ಲ. ಅವನನ್ನೇ ಕೇಳಿದರೆ ತಲೆ ಕೆಳಗೆ ಹಾಕುತ್ತಾನೆ.

ನನಗೇನಾಗಬೇಕು ಅಂತ ಕೇಳಿದಿರಿ. ನನಗೇನೂ ಆಗಬೇಕಿಲ್ಲ ಅಬ್ಬಾ. ನಾಲ್ಕು ಸಾಲು ಓದಿ ಒಬ್ಬನನ್ನು ಸಾಯಿಸುವುದು ನನ್ನಿಂದ ನೋಡಲಾಗುವುದಿಲ್ಲ. ಇದಕ್ಕಿಂತ ದೊಡ್ಡ ಉತ್ತರ ಹುಡುಕಿದೆ, ಸಿಗಲಿಲ್ಲ.

ನಿಮ್ಮ ಗೌಸಿಯಾ


ಸಿರಾ
29 ಏಪ್ರಿಲ್ 2023

ಬೇಟಿ,

ಹಬ್ಬಕ್ಕೆ ಬಂದು ಎರಡು ದಿನ ಇದ್ದು ಹೋದೆ. ಆ ಮಾತು ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ನಿನ್ನ ಕಾಗದ ಫೆಬ್ರವರಿಯಿಂದ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಅಮ್ಮಿ ಅಂಗಿ ಒಗೆಯುವಾಗ ಎರಡು ಸಲ ತೆಗೆದಿಟ್ಟಳು.

ಒಂದು ಚಾದರ ಮಾರುವುದಕ್ಕೂ ನಾನು ಆ ಮನೆಯ ವಿಷಯ ನಾಲ್ಕು ಸಾಲಿಗಿಂತ ಹೆಚ್ಚು ತಿಳಿದಿರುತ್ತೇನೆ. ಮನೆಯಲ್ಲಿ ಎಷ್ಟು ಜನ, ಯಾರಿಗೆ ಮದುವೆ, ಯಾರಿಗೆ ಕಾಯಿಲೆ, ಎಲ್ಲ. ಒಬ್ಬನ ಜೀವ ತೆಗೆಯುವುದಕ್ಕೆ ಅಷ್ಟೂ ಬೇಡವೇ ಅಂತ ಅನ್ನಿಸತೊಡಗಿತು. ಅನ್ನಿಸಬಾರದಿತ್ತು, ಅನ್ನಿಸಿತು.

ವೈ.ಎನ್.ಹೊಸಕೋಟೆ ಕಡೆಯವನು ಅಂದರೆ ಹತ್ತಾರು ಹಳ್ಳಿ. ಹೇಗೂ ಆ ಕಡೆ ನನ್ನ ಸುತ್ತು ಇದೆ. ಕನ್ನಡದಲ್ಲಿ ಕೇಳಿದರೆ ಕನ್ನಡ, ತೆಲುಗಿನಲ್ಲಿ ಕೇಳಿದರೆ ತೆಲುಗು. ಮೂರನೆಯ ಸುತ್ತಿನಲ್ಲಿ ಮುನಿಯಮ್ಮ ಎಂಬ ಮುದುಕಿ ಸಿಕ್ಕಳು. ಹಿಂದೆ ಬಂಡೆ ಕೆಲಸದವರಿಗೆ ಅಡುಗೆ ಮಾಡುತ್ತಿದ್ದವಳು. ಓಬಳೇಶ ಎಂದ ಕೂಡಲೇ ಕೈಯಲ್ಲಿದ್ದ ಚಾದರ ಕೆಳಗಿಟ್ಟಳು. ನನಗೆ ಕಿವಿ ಮಂದ ಅಂತ ತಿಳಿದು ಹತ್ತಿರ ಬಂದು ಕೂತು ಹೇಳಿದಳು. ಅವಳ ಮಾತನ್ನು ಹಾಗೆಯೇ ಬರೆಯುತ್ತೇನೆ:

"ಅವ್ರವ್ವ ಸತ್ತಾಗ ಅವ್ನಿಗೆ ಆರೋ ಏಳೋ. ಅಪ್ಪ ಅದ್ಕೂ ಮುಂಚೇನೇ ಎದ್ದೋಗಿದ್ದ. ಅಕ್ಕನೂ ತಮ್ಮನೂ ನಮ್ ಬಂಡೆತಾವೇ ಬೆಳೆದ್ರು. ಅವ್ನಿಗೆ ಹದ್ಮೂರಾಗಿದ್ದಾಗ ಬಂಡೆ ಸಿಡಿಸ್ತಾ ಕಲ್ಲು ಹಾರಿ ತಲೆಗೆ ಬಿತ್ತು. ನಾನೇ ಮಡ್ಲಾಗೆ ಹಾಕ್ಕಂಡು ಆಸ್ಪತ್ರೆಗೆ ಹೋದೆ. ಬದುಕ್ದ. ಆದ್ರೆ ಆ ಹುಡ್ಗ ವಾಪಸ್ ಬರ್ಲಿಲ್ಲ ಕಣಣ್ಣ, ಬಂದೋನೇ ಬೇರೆ."

ಆಮೇಲೆ ಅವನಿಗೆ ಫಿಟ್ಸು ಬರತೊಡಗಿತಂತೆ. ಸುಮ್ಮನೆ ಕೂತವನು ಯಾರಾದರೂ ಗದರಿದರೆ ಮೈಮೇಲೆ ಬಂದವನ ಹಾಗೆ ಆಡುತ್ತಿದ್ದ, ಆಮೇಲೆ ಏನೂ ನೆನಪಿರುತ್ತಿರಲಿಲ್ಲ ಅಂದಳು. ಔಷಧಿ ಎರಡು ತಿಂಗಳು ಕೊಟ್ಟರು, ನಿಲ್ಲಿಸಿದರು. ಆಸ್ಪತ್ರೆಯ ಚೀಟಿಗಳು ಅವನ ಅಕ್ಕ ಅಂಜಿನಮ್ಮನ ಹತ್ತಿರ ಇರಬಹುದು. ಅವಳನ್ನು ಗಡಿಯಾಚೆ, ಕಲ್ಯಾಣದುರ್ಗದ ಕಡೆಗೆ ಕೊಟ್ಟಿದ್ದಾರೆ.

ಇನ್ನೊಂದು ಮಾತೂ ಹೇಳಿದಳು. ಹದಿನೇಳನೆಯ ವಯಸ್ಸಿನಲ್ಲಿ ಅವನು ಒಬ್ಬ ಮೇಸ್ತ್ರಿಯ ಕೈ ಮುರಿದಿದ್ದನಂತೆ. ಇದು ನಿನಗೆ ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ಬಿಟ್ಟುಬಿಡೋಣ ಅನ್ನಿಸಿತ್ತು. ಬರೆದಿದ್ದೇನೆ.

ಇದನ್ನು ಅವನಿಗಾಗಿ ಮಾಡಿದೆ ಅಂತ ತಿಳಿಯಬೇಡ. ಅವನ ಮೇಲಿನ ಸಿಟ್ಟು ಇದ್ದಲ್ಲೇ ಇದೆ.

ನಿನ್ನ ಅಬ್ಬಾ


ಬೆಂಗಳೂರು
6 ಮೇ 2023

ಅಬ್ಬಾ,

ನಿಮ್ಮ ಕಾಗದವನ್ನು ನಮ್ಮ ಹಿರಿಯ ವಕೀಲರಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, ಈ ತನಿಖೆಗೆ ಯಾರನ್ನು ಹಾಕಿದ್ದೀರಿ ಅಂದರು. ಯಾರನ್ನೂ ಹಾಕಿಲ್ಲ ಸರ್, ನಮ್ಮ ತಂದೆ, ಚಾದರ ಮಾರುತ್ತಾರೆ ಅಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಕೋರ್ಟಿನಲ್ಲಿ ಯಾವ ಕೇಸು ಗೆದ್ದಾಗಲೂ ನನಗೆ ಅಷ್ಟು ಹೆಮ್ಮೆಯಾಗಿಲ್ಲ.

ಆದರೆ ಈಗ ವಕೀಲೆಯಾಗಿ ಕೆಲವು ಮಾತು. ನೀವು ನನ್ನ ತಂದೆ, ಸತ್ತವರನ್ನು ಬಲ್ಲವರು. ನಿಮ್ಮ ಮಾತನ್ನು ನಾನು ಕೋರ್ಟಿಗೆ ಕೊಡುವಂತಿಲ್ಲ. ಸ್ಪಂದನಾ ಅಂತ ಕೊರಟಗೆರೆಯ ಹುಡುಗಿ, ಸಮಾಜಕಾರ್ಯ ಓದಿದವಳು, ನಮ್ಮ ಜೊತೆ ಕೆಲಸ ಮಾಡುತ್ತಾಳೆ. ಅವಳಿಗೆ ತೆಲುಗು ಬಾರದು. ನೀವು ದಾರಿ ತೋರಿಸಿ, ಮಾತು ಶುರುಮಾಡಿ ಕೊಡಿ. ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. ಯಾರಿಗೂ ಏನೂ ಆಸೆ ಹುಟ್ಟಿಸಬೇಡಿ. ಮೇಸ್ತ್ರಿಯ ಕೈ ಮುರಿದದ್ದನ್ನು ಬರೆದಿರಲ್ಲ, ಅದು ಸರಿ. ಅದನ್ನೂ ಕೋರ್ಟಿಗೆ ಹೇಳುತ್ತೇವೆ. ಅರ್ಧ ಮನುಷ್ಯನನ್ನು ತೋರಿಸಿ ಪೂರ್ತಿ ಜೀವ ಕೇಳುವುದು ಆಗದು.

ಇಷ್ಟರಲ್ಲೇ ಸಾಕು ಅನ್ನಿಸಿದರೆ ಸಾಕು ಅಂತ ಬರೆಯಿರಿ. ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ನಿಮ್ಮ ಗೌಸಿಯಾ


ಸಿರಾ
18 ಜೂನ್ 2023

ಬೇಟಿ,

ಸ್ಪಂದನಾ ಗಟ್ಟಿ ಹುಡುಗಿ. ಬಿಸಿಲಲ್ಲಿ ಮೂರು ಬಸ್ಸು ಬದಲಾಯಿಸಿದರೂ ಮುಖ ಸಿಂಡರಿಸಲಿಲ್ಲ. ಅವಳು ಬರೆದುಕೊಂಡದ್ದು ನಿನಗೆ ತಲುಪಿರುತ್ತದೆ. ಅವಳ ಪುಸ್ತಕಕ್ಕೆ ಬಾರದಿದ್ದುದನ್ನು ನಾನು ಹೇಳುತ್ತೇನೆ.

ಅಂಜಿನಮ್ಮ ಕಡಲೆಕಾಯಿ ಹೊಲದಲ್ಲಿದ್ದಳು. ಊರಿನವರು ಕರೆತಂದರು. ಸಿರಾದಿಂದ ಬಂದಿದ್ದೇವೆ, ನಿನ್ನ ತಮ್ಮನ ವಿಷಯ ಅಂದೆ. ಅವಳು ನನ್ನ ಬಾಯಿಯನ್ನೇ ನೋಡುತ್ತ ಕೇಳಿದಳು, "ಬತಿಕುಂಡಾಡಾ?", ಬದುಕಿದ್ದಾನಾ ಅಂತ. ಟಿ.ವಿ.ಯಲ್ಲಿ ಗಲ್ಲು ಅಂತ ಬಂದ ದಿನವೇ ಅವನನ್ನು ಸಾಯಿಸಿಬಿಟ್ಟರು ಅಂತ ತಿಳಿದು, ಹನ್ನೊಂದನೆಯ ದಿನ ಎಡೆ ಇಟ್ಟು ಎಲ್ಲ ಮುಗಿಸಿದ್ದಳಂತೆ. ಬದುಕಿದ್ದಾನಮ್ಮ ಅಂದೆ. ಅವಳು ಅಳಲಿಲ್ಲ. ಒಳಗೆ ಹೋಗಿ ತಗಡಿನ ಡಬ್ಬಿ ತಂದಳು. ಅವನ ಆಸ್ಪತ್ರೆಯ ಚೀಟಿಗಳು, ತಲೆಯ ಎಕ್ಸ್‌ರೇ. ಸತ್ತವನ ಚೀಟಿಗಳನ್ನು ಯಾಕೆ ಇಟ್ಟುಕೊಂಡಿದ್ದೆ ಅಂತ ಸ್ಪಂದನಾ ನನ್ನ ಬಾಯಿಂದ ಕೇಳಿಸಿದಳು. ಅವನದು ಅಂತ ಇದ್ದದ್ದು ಇಷ್ಟೇ ಅಂದಳು.

ಈಗ ಎರಡನೆಯ ವಿಷಯ. ಇದನ್ನು ನೀನು ಹೇಳಿ ಮಾಡಿದ್ದಲ್ಲ.

ಕಳೆದ ಗುರುವಾರ ಪುರವರಕ್ಕೆ ಹೋದೆ. ಅವರ ಬೆನ್ನ ಹಿಂದೆ ಹೀಗೆ ಓಡಾಡಿ, ಆ ಜಗಲಿಯ ಮೇಲೆ ಮತ್ತೆ ಗಂಟು ಬಿಚ್ಚುವುದು ನನ್ನಿಂದ ಆಗುತ್ತಿರಲಿಲ್ಲ. ಪ್ರಸನ್ನ ಕುಮಾರ್ ಮೇಷ್ಟ್ರು ಮನೆಯಲ್ಲಿದ್ದರು. ಅವನ ವಕೀಲೆ ನನ್ನ ಮಗಳು, ಅವನ ಅಕ್ಕನನ್ನು ಹುಡುಕಿಕೊಟ್ಟವನು ನಾನು, ಬೇರೆಯವರಿಂದ ತಿಳಿಯುವುದು ಬೇಡ ಅಂತ ಬಂದೆ ಅಂದೆ. ಅವರು ನನ್ನ ಬಲಗಿವಿಯ ಹತ್ತಿರ ಬಂದು, ನಾನು ಕೇಳಿಸಿಕೊಳ್ಳಲಿ ಅಂತಲೇ, ಒಂದೊಂದು ಮಾತನ್ನೂ ಬಿಡಿಸಿ ಹೇಳಿದರು:

"ಅಮ್ಮ ನಿಮ್ಮನ್ನ ಅಣ್ಣ ಅಂತಿದ್ರು. ಇನ್ಮೇಲೆ ನಮ್ಮೂರಿಗೆ ಗಂಟು ತರ್ಬೇಡಿ."

ಗಂಟು ಬಿಚ್ಚದೆ ತಿರುಗಿ ಬಂದೆ. ಅವರ ಮೇಲೆ ನನಗೆ ಬೇಸರವಿಲ್ಲ. ನೀನೂ ಮಾಡಿಕೊಳ್ಳಬೇಡ. ಅವರ ಜಾಗದಲ್ಲಿ ನಾನಿದ್ದರೆ ಅಷ್ಟು ತಾಳ್ಮೆಯಿಂದ ಹೇಳುತ್ತಿರಲಿಲ್ಲ.

ನಿನ್ನ ಅಬ್ಬಾ


ಬೆಂಗಳೂರು
2 ಸೆಪ್ಟೆಂಬರ್ 2023

ಅಬ್ಬಾ,

ನಿಮ್ಮ ಜೂನ್ ತಿಂಗಳ ಕಾಗದಕ್ಕೆ ಆಗಲೇ ಉತ್ತರ ಬರೆದು ಹರಿದೆ. ಆಮೇಲೆ ಇನ್ನೆರಡು ಬರೆದೆ. ಪುರವರದ ಬಗ್ಗೆ ನಾನು ಏನು ಬರೆದರೂ ಹಗುರವಾಗುತ್ತದೆ.

ಹೋದ ವಾರ ಬೆಳಗಾವಿಗೆ ಹೋಗಿದ್ದೆ. ಕೋರ್ಟಿನ ಅಪ್ಪಣೆಯ ಮೇಲೆ ಮೆದುಳಿನ ವೈದ್ಯರು ಓಬಳೇಶನನ್ನು ನೋಡಿದ್ದಾರೆ. ತಲೆಯ ಹಳೆಯ ಪೆಟ್ಟು ನಿಜ, ಫಿಟ್ಸು ಅದರಿಂದಲೇ ಅಂತ ವರದಿ ಬಂದಿದೆ. ಈಗ ಔಷಧಿ ಶುರುವಾಗಿದೆ. ಆರು ವಾರದಿಂದ ಫಿಟ್ಸು ಬಂದಿಲ್ಲ. ಜೈಲಿನ ಶಾಲೆಯಲ್ಲಿ ತನ್ನ ಹೆಸರು ಬರೆಯಲು ಕಲಿತಿದ್ದಾನೆ.

ಅಕ್ಕನ ವಿಷಯ ಹೇಳಿದೆ. ತಾನು ಸತ್ತೆನೆಂದು ಅವಳು ಎಡೆ ಇಟ್ಟದ್ದನ್ನೂ ಹೇಳಿದೆ. ಎಡೆಗೆ ಏನು ಮಾಡಿದ್ದಳು ಅಂತ ಕೇಳಿದ. ಸ್ಪಂದನಾ ಅದನ್ನೂ ಬರೆದುಕೊಂಡಿದ್ದಳು. ಒಬ್ಬಟ್ಟು ಅಂದೆ. ನಕ್ಕ ಅಬ್ಬಾ. ಅವನು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ಹೊರಡುವಾಗ, ಯಜಮಾನರ ಮಗ ಹೇಗಿದ್ದಾರೆ ಅಂತ ಕೇಳಿದ.

ವಾದ ಜನವರಿ ಹದಿನಾರಕ್ಕೆ ಶುರು. ಮೂರು ದಿನ ನಡೆಯಬಹುದು. ಮೊದಲ ಮಹಡಿಯ ಕೋರ್ಟ್ ಹಾಲ್. ಯಾರು ಬೇಕಾದರೂ ಬಂದು ಕೂರಬಹುದು. ಸುಮ್ಮನೆ ತಿಳಿಸುತ್ತಿದ್ದೇನೆ.

ನಿಮ್ಮ ಗೌಸಿಯಾ


ಸಿರಾ
21 ಜನವರಿ 2024

ಬೇಟಿ,

ನಾನು ಬಂದಿದ್ದೆ. ಹದಿನೇಳನೆಯ ತಾರೀಕು, ನೀನು ಎದ್ದು ನಿಂತ ದಿನ. ನಿನಗೆ ಕಂಡರೆ ಮಾತು ತಪ್ಪೀತು ಅಂತ ಕಂಬದ ಮರೆಗೆ ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಮೂರು ಸಾಲು ಮುಂದೆ ಪ್ರಸನ್ನ ಕುಮಾರ್ ಮೇಷ್ಟ್ರು ಕೂತಿದ್ದರು.

ನೀನು ಆಡಿದ ಒಂದು ಮಾತೂ ನನಗೆ ಕೇಳಿಸಲಿಲ್ಲ. ಕಂಡದ್ದನ್ನು ಹೇಳುತ್ತೇನೆ. ಶುರುವಿನಲ್ಲಿ ಒಬ್ಬ ನ್ಯಾಯಮೂರ್ತಿ ಕಾಗದ ತಿರುವುತ್ತಿದ್ದರು, ಇನ್ನೊಬ್ಬರು ಗಡಿಯಾರ ನೋಡಿದರು. ನೀನು ಒಂದು ಕೈಯನ್ನು ಮೇಜಿನ ಮೇಲೆ ಇಟ್ಟುಕೊಂಡೇ ಮಾತಾಡಿದೆ, ಚಿಕ್ಕಂದಿನಲ್ಲಿ ಪಾಠ ಒಪ್ಪಿಸುವಾಗ ಗೋಡೆ ಹಿಡಿಯುತ್ತಿದ್ದ ಹಾಗೆ. ಸ್ವಲ್ಪ ಹೊತ್ತಿಗೆ ಗಡಿಯಾರದವರು ಬರೆದುಕೊಳ್ಳಲು ಶುರುಮಾಡಿದರು. ಆಮೇಲೆ ಅವರು ಏನೋ ಕೇಳಿದರು, ಮುಖ ಬಿಗಿಯಾಗಿತ್ತು. ನೀನು ತಲೆ ಬಗ್ಗಿಸಿ ಯೋಚಿಸಿ, ಆಮೇಲೆ ಉತ್ತರ ಕೊಟ್ಟೆ. ಇಡೀ ಹಾಲಿನಲ್ಲಿ ಯಾರೂ ಅಲುಗಾಡಲಿಲ್ಲ. ಅಷ್ಟು ಜನ ಕರಿ ಕೋಟಿನವರು ಒಬ್ಬಳ ಕಡೆ ತಿರುಗಿದ್ದರು, ಅವಳು ನನ್ನ ಮಗಳು.

ಪಕ್ಕದಲ್ಲಿ ಕೂತ ವಕೀಲರೊಬ್ಬರು ಚೀಟಿಯಲ್ಲಿ ಬರೆದು ತೋರಿಸಿದರು: ಯಾರ ಕಡೆಯವರು ನೀವು? ನಾನು ಅದರ ಕೆಳಗೆ ಬರೆದೆ: ವಾದ ಮಾಡುತ್ತಿರುವವರ ತಂದೆ. ಅವರು ಎದ್ದು ನನ್ನ ಕೈ ಹಿಡಿದುಕೊಂಡರು.

ನೀನು ಜಡ್ಜ್ ಆಗಬೇಕಿತ್ತು ಅಂತ ನಾನು ಇನ್ನು ಮೇಲೆ ಹೇಳುವುದಿಲ್ಲ. ನೀನು ನಿಂತಿರುವ ಜಾಗ ಸರಿಯಾಗಿದೆ. ಸೋತರೂ ಸರಿಯಾಗಿದೆ.

ಊಟ ಮಾಡದೆ ಬಸ್ಸು ಹತ್ತಿದೆ ಅಂತ ಅಮ್ಮಿ ಬೈದಳು.

ನಿನ್ನ ಅಬ್ಬಾ


ಬೆಂಗಳೂರು
22 ಮಾರ್ಚ್ 2024

ಅಬ್ಬಾ,

ಅಮ್ಮಿ ಹೇಳಿರುತ್ತಾರೆ. ಆದರೂ ನನ್ನ ಕೈಯಿಂದ ಬರೆಯಬೇಕು.

ಗಲ್ಲು ರದ್ದಾಯಿತು. ಅಪರಾಧ ಸಾಬೀತು ಅನ್ನುವುದು ಹಾಗೆಯೇ ಉಳಿದಿದೆ, ಉಳಿಯಬೇಕಾದದ್ದೇ. ಜೀವಾವಧಿ, ಬಂಧನವಾದ ದಿನದಿಂದ ಮೂವತ್ತು ವರ್ಷ ತುಂಬುವ ತನಕ ಬಿಡುಗಡೆಯ ಮಾತಿಲ್ಲ. ಹೊರಗೆ ಬಂದರೆ ಅವನಿಗೆ ಐವತ್ತನಾಲ್ಕು. ಚಿಕಿತ್ಸೆ ನಿಲ್ಲಿಸಬಾರದು ಅಂತಲೂ ಬರೆದಿದ್ದಾರೆ.

ತೀರ್ಪು ನೂರ ಹನ್ನೆರಡು ಪುಟ. ಅದರಲ್ಲಿ ಹದಿನಾಲ್ಕು ಪುಟ ಓಬಳೇಶನ ಬದುಕು. ಮುನಿಯಮ್ಮ ಇದ್ದಾಳೆ, ಅಂಜಿನಮ್ಮ ಇದ್ದಾಳೆ, ಎಕ್ಸ್‌ರೇ ಇದೆ, ಮೇಸ್ತ್ರಿಯ ಕೈ ಕೂಡ ಇದೆ. ನಿಮ್ಮ ಹೆಸರು ಎಲ್ಲಿಯೂ ಇಲ್ಲ. ಇರಬಾರದು ಅಂತ ನಾನೇ ಎಚ್ಚರ ವಹಿಸಿದೆ. ಆದರೆ ಆ ಹದಿನಾಲ್ಕು ಪುಟ ಓದುವಾಗ ಸಿರಾದಿಂದ ಪಾವಗಡದ ದಾರಿಯಲ್ಲಿ ಗಂಟು ಕಟ್ಟಿದ ಒಂದು ಗಾಡಿ ಹೋಗುತ್ತಿರುವುದು ನನಗೆ ಕಾಣಿಸುತ್ತಿತ್ತು.

ನೀವು ಕೋರ್ಟಿಗೆ ಬಂದದ್ದು ನನಗೆ ಕಾಣಿಸಲಿಲ್ಲ ಅಂತ ತಿಳಿದಿದ್ದೀರಿ. ಕಾಣಿಸಿತ್ತು. ಕಂಬ ಸಣ್ಣದು ಅಬ್ಬಾ. ಅದಕ್ಕೇ ಮೇಜು ಬಿಡಲಿಲ್ಲ.

ನಿಮ್ಮ ಗೌಸಿಯಾ


ಸಿರಾ
20 ಏಪ್ರಿಲ್ 2024

ಬೇಟಿ,

ಅಂಜಿನಮ್ಮನಿಗೆ ನಾನೇ ಹೋಗಿ ಸುದ್ದಿ ಹೇಳಿದೆ. ಮೂವತ್ತು ವರ್ಷ ಅಂದರೆ ಎಷ್ಟು ಅಂತ ಬೆರಳು ಮಡಿಸಿ, ಅಷ್ಟು ದಿನ ತಾನಿರುವುದಿಲ್ಲ ಅಂದಳು. ಆಮೇಲೆ ಬೆಳಗಾವಿಗೆ ಯಾವ ಬಸ್ಸು ಅಂತ ಕೇಳಿದಳು. ಸ್ಪಂದನಾ ಕರೆದುಕೊಂಡು ಹೋಗುತ್ತಾಳೆ.

ಪುರವರಕ್ಕೂ ಹೋಗಿದ್ದೆ. ಗಾಡಿಯಿಲ್ಲ, ಗಂಟಿಲ್ಲ, ಬಸ್ಸಿನಲ್ಲಿ. ಅವರಿಗೆ ತೀರ್ಪು ಗೊತ್ತಿತ್ತು. ಆದರೆ ಗೆದ್ದ ಮೇಲೆ ತಲೆ ತಪ್ಪಿಸಿಕೊಂಡು ಓಡಾಡಬಾರದು ಅನ್ನಿಸಿತು. ಬೈದರೆ ಬೈಸಿಕೊಂಡು ಬರೋಣ ಅಂತ ಹೋದೆ.

ಪ್ರಸನ್ನ ಕುಮಾರ್ ಮೇಷ್ಟ್ರು ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದರು. ಕೂತುಕೊಳ್ಳಿ ಅನ್ನಲಿಲ್ಲ. ನಾನೂ ಅಂಗಳದಲ್ಲೇ ನಿಂತೆ. ಕೈಯಲ್ಲಿದ್ದ ಪತ್ರಿಕೆ ಮುಗಿಸಿ, ಪೆನ್ನು ಮುಚ್ಚಿ, ಎದ್ದು ಹತ್ತಿರ ಬಂದರು.

"ಆ ತೀರ್ಪು ನಾನು ಒಪ್ಪಲ್ಲ ಸಾಬ್ರೆ. ಸಾಯೋವರ್ಗೂ ಒಪ್ಪಲ್ಲ."

ನಾನು ತಲೆಯಾಡಿಸಿದೆ. ಅವರು ಒಳಗೆ ಹೋಗಲಿಲ್ಲ.

"ನಾಕು ವರ್ಷದಿಂದ ಕೋರ್ಟಲ್ಲಿ ನಮ್ಮಪ್ಪ ಅಮ್ಮ ಮೃತ ಒಂದು, ಮೃತ ಎರಡು ಆಗ್ಬುಟ್ಟಿದ್ರು. ನಮ್ ಕಡೆ ಸರ್ಕಾರಿ ವಕೀಲ್ರಿಗೂ ಅಷ್ಟೇ. ನಿಮ್ ಮಗ್ಳು ಎದ್ದು ನಿಂತು ಮೊದ್ಲು ಅವ್ರ ಹೆಸ್ರು ಹೇಳಿದ್ರು. ನಾಗಲಿಂಗಯ್ಯ, ಅಶ್ವತ್ಥಮ್ಮ ಅಂತ. ಅವ್ರು ಮನೆ ಬಾಗ್ಲಿಗೆ ಬಂದೋರ್ನ ಹೆಂಗ್ ನೋಡ್ಕೋತಿದ್ರು ಅಂತ ಹೇಳಿದ್ರು. ಅವ್ನ ವಿಷ್ಯಕ್ಕೆ ಬಂದಿದ್ದು ಆಮೇಲೆ. ಅದನ್ನ ನಾನು ಮರ್ಯಲ್ಲ ಅಂತ ಅವ್ರಿಗೆ ಹೇಳಿ."

ಅಷ್ಟು ಹೇಳಿ ಹೋಗಿ ಪತ್ರಿಕೆಗಳ ಮುಂದೆ ಕೂತರು. ನಾನು ಕೈ ಎತ್ತಿ ಸಲಾಂ ಮಾಡಿ ಬಂದೆ. ಅವರು ಹೇಳಿದ್ದನ್ನು ನಿನಗೆ ತಲುಪಿಸಿದ್ದೇನೆ.

ಬರುವಾಗ ಬಸ್ಸು ತುಂಬಿತ್ತು. ಮಧುಗಿರಿಯಲ್ಲಿ ಒಬ್ಬ ಹಿರಿಯರು ನನ್ನ ಬಲಪಕ್ಕ ಕೂತು, ಯಾವೂರು, ಏನು ಕೆಲಸ ಅಂತ ಕೇಳಿದರು. ಸಿರಾ, ಚಾದರ ವ್ಯಾಪಾರ ಅಂದೆ. ಅವರು ಕೇಳಿದ್ದು ಅಷ್ಟೇ. ಆದರೆ ನಾನು ನಿಲ್ಲಿಸಲಿಲ್ಲ. ನನ್ನ ಮಗಳು ಗೌಸಿಯಾ ಅಂತ, ಹೈಕೋರ್ಟಿನಲ್ಲಿ ವಕೀಲೆ, ಗಲ್ಲು ಶಿಕ್ಷೆಯಾದವರ ಪರ ವಾದಿಸುತ್ತಾಳೆ ಅಂದೆ. ದನಿ ಸ್ವಲ್ಪ ಜೋರಾಯಿತು ಅಂತ ಕಾಣುತ್ತದೆ. ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದರು. ನೋಡಲಿ ಅಂತ ನೆಟ್ಟಗೆ ಕೂತೆ.

ನಿನ್ನ ಅಬ್ಬಾ